ಒಂದೇ ಜೀರಿಗೆ, ಊರೂರಿನ ಅಡುಗೆ: ಕಾರವಾರದ ಒಲೆಯ ಮೇಲೆ ಕ್ಯಾನರಿ ಬಟಾಟೆಯಿಂದ ಕೈರೋದ ಕೊಶರಿವರೆಗೆ

ಈ ಲೇಖನದಲ್ಲಿರುವ ಯಾವ ಅಡುಗೆಗೂ ತೆಂಗಿನಕಾಯಿ ಬೇಡ. ಕರಾವಳಿಯವರಿಗೆ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೇದು. ಇಲ್ಲದಿದ್ದರೆ ಅರ್ಧ ಓದಿದ ಮೇಲೆ "ಕಾಯಿ ಎಷ್ಟು ಅಂತ ಬರೆದೇ ಇಲ್ವಲ್ಲ" ಅನ್ನುತ್ತೀರಿ.

ನಮ್ಮಲ್ಲಿ ಜೀರಿಗೆ ಹೆಚ್ಚಾಗಿ ಕಾಯಿಯ ಜೊತೆಗಾರ. ಶಿರಸಿ, ಸಿದ್ದಾಪುರದ ಕಡೆ ತಂಬುಳಿಗೆ ಜೀರಿಗೆ, ಕಾಳುಮೆಣಸು ತುಪ್ಪದಲ್ಲಿ ಹುರಿದು, ಕಾಯಿ ಜೊತೆ ನುಣ್ಣಗೆ ರುಬ್ಬಿ ಮಜ್ಜಿಗೆಗೆ ಸೇರಿಸುತ್ತಾರೆ. ಕಷಾಯದ ಪುಡಿಯಲ್ಲಿ ಅದು ಕೊತ್ತಂಬರಿ ಬೀಜದ ಹಿಂದೆ ನಿಲ್ಲುತ್ತದೆ. ಘಟ್ಟ ಇಳಿದು ಅಂಕೋಲಾ, ಕಾರವಾರಕ್ಕೆ ಬಂದರೆ ಬಂಗಡೆ ಸಾರಿನಲ್ಲಿ ಜುಮ್ಮನಕಾಯಿಯದ್ದೇ ಗತ್ತು (ತಿರ್ಫಳ ಅಂತೀವಲ್ಲ, ಅದೇ), ಬಹಳ ಮನೆಗಳಲ್ಲಿ ಜೀರಿಗೆ ಇದೆಯೋ ಇಲ್ಲವೋ ಅಂತ ಯಾರೂ ಕೇಳುವುದೇ ಇಲ್ಲ.

ಬೇರೆ ಕೆಲವು ದೇಶಗಳಲ್ಲಿ ಹಾಗಲ್ಲ, ಅಲ್ಲಿ ಜೀರಿಗೆಯೇ ಮುಂದೆ ನಿಲ್ಲುತ್ತದೆ. ಅದಕ್ಕೇನು ವಿಶೇಷ ಜೀರಿಗೆ ಬೇಕಾಗಿಲ್ಲ. ಜಗತ್ತಿನ ಜೀರಿಗೆಯಲ್ಲಿ ದೊಡ್ಡ ಪಾಲು ಬೆಳೆಯುವುದೇ ನಮ್ಮ ಗುಜರಾತ್ ಮತ್ತು ರಾಜಸ್ಥಾನದಲ್ಲಿ, ಅದರ ದೊಡ್ಡ ಮಾರುಕಟ್ಟೆ ಗುಜರಾತಿನ ಉಂಝಾ. ನಿಮ್ಮ ಡಬ್ಬಿಯಲ್ಲಿ ಇರುವುದೇ ಸಾಕು. ರುಚಿ ಬದಲಾಗುವುದು ಅದನ್ನು ಯಾವಾಗ ಹಾಕುತ್ತೀರಿ, ಇಡಿಯಾಗಿಯೋ ಜಜ್ಜಿಯೋ ಪುಡಿ ಮಾಡಿಯೋ, ಹುಳಿ ಜೊತೆಯೋ ಎಣ್ಣೆ ಜೊತೆಯೋ ಅನ್ನುವುದರ ಮೇಲೆ. ಹಸಿ ಜೀರಿಗೆಯನ್ನು ಬೆಳ್ಳುಳ್ಳಿ, ವಿನೆಗರ್ ಜೊತೆ ಜಜ್ಜಿದರೆ ಚುರುಕಾಗಿ ಮೂಗಿಗೆ ಹೊಡೆಯುತ್ತದೆ. ಹುರಿದು ಪುಡಿ ಮಾಡಿದರೆ ಗಡಸು ಹೋಗಿ ಹುರಿದ ಗೇರುಬೀಜದ ತರಹದ ಪರಿಮಳ ಬರುತ್ತದೆ. ಬಿಸಿ ಎಣ್ಣೆಗೆ ಕೊನೆಯಲ್ಲಿ ತರಿಯಾಗಿ ಬಿದ್ದರೆ ಹಲ್ಲಿಗೆ ಸಿಕ್ಕಾಗೆಲ್ಲ ಸಿಡಿಯುತ್ತದೆ. ಕೆಳಗಿನ ಅಡುಗೆಗಳನ್ನು ಆರಿಸಿದ್ದು ಈ ಲೆಕ್ಕದಲ್ಲೇ, ದೇಶ ತೋರಿಸಲಿಕ್ಕೆ ಅಲ್ಲ.

ಮೊದಲು ಡಬ್ಬಿಯ ಕೆಲಸ

ಜೀರಿಗೆ ಇಡಿಯಾಗಿಯೇ ಕೊಳ್ಳಿ. ಪ್ಯಾಕೆಟ್ ಪುಡಿ ಬೇಡ. ಪುಡಿಯ ಪರಿಮಳ ಕೆಲವೇ ವಾರಗಳಲ್ಲಿ ಹಾರಿಹೋಗುತ್ತದೆ, ಉಳಿಯುವುದು ಮಣ್ಣು ವಾಸನೆ. ಸಂತೆಯಲ್ಲಿ ಬಿಡಿ ಜೀರಿಗೆ ಕೊಳ್ಳುವುದಾದರೆ ಒಂದು ಚಿಟಿಕೆ ಅಂಗೈಯಲ್ಲಿ ಹಾಕಿ ಗಟ್ಟಿಯಾಗಿ ತಿಕ್ಕಿ. ಅಂಗೈ ಕಪ್ಪಾದರೆ ಬಿಟ್ಟುಬಿಡಿ: ಹುಲ್ಲಿನ ಬೀಜಕ್ಕೆ ಇದ್ದಿಲ ಪುಡಿ ಹಚ್ಚಿ ಬೆರೆಸುವವರಿದ್ದಾರೆ. ಇದು ಆಹಾರ ಸುರಕ್ಷತಾ ಪ್ರಾಧಿಕಾರವೇ ಹೇಳಿಕೊಡುವ ಪರೀಕ್ಷೆ, ಅಂಗಡಿಯವರು ಮುಖ ಸಿಂಡರಿಸಿದರೂ ಮಾಡಿ. ತಿಕ್ಕಿದಾಗ ಪರಿಮಳ ಬರಲೇಬೇಕು. ಬರದಿದ್ದರೆ ಕಲಬೆರಕೆ ಅಲ್ಲದಿದ್ದರೂ ಹಳೇ ಮಾಲು.

ಇನ್ನೊಂದು ಎಚ್ಚರಿಕೆ. ಗ್ರಂಥಿಗೆ ಅಂಗಡಿಯಲ್ಲಿ ಕಾಳಜೀರಿಗೆ, ಕರಿಜೀರಿಗೆ, ಶಾಜೀರಿಗೆ ಎಲ್ಲ ಒಂದೇ ಸಾಲಿನಲ್ಲಿ ಇರುತ್ತವೆ. ಕಾಳಜೀರಿಗೆ ವಿಪರೀತ ಕಹಿ, ಅದು ಔಷಧಕ್ಕೆ. ಅಡುಗೆಗೆ ಬಿದ್ದರೆ ಪಾತ್ರೆ ಸಮೇತ ಚೆಲ್ಲಬೇಕು. ಇಲ್ಲಿ ಎಲ್ಲದಕ್ಕೂ ಬೇಕಾಗಿದ್ದು ದಿನಾ ಬಳಸುವ ಕಂದು ಜೀರಿಗೆ, ಅಷ್ಟೇ.

ಹುರಿಯುವುದು ಹೀಗೆ. ದಪ್ಪ ತಳದ ಬಾಣಲೆ, ಎಣ್ಣೆ ಇಲ್ಲ, ಸಣ್ಣ ಉರಿ. ಮೂರು ದೊಡ್ಡ ಚಮಚ ಜೀರಿಗೆ ಹಾಕಿ ಕೈ ಬಿಡದೆ ಆಡಿಸಿ. ಎರಡು ಮೂರು ನಿಮಿಷದಲ್ಲಿ ಪರಿಮಳ ಏಳುತ್ತದೆ, ಬಣ್ಣ ಸ್ವಲ್ಪವೇ ಗಾಢವಾಗುತ್ತದೆ. ಆ ಕ್ಷಣಕ್ಕೆ ತಟ್ಟೆಗೆ ಸುರಿಯಿರಿ. ಒಲೆ ಆರಿಸಿ ಬಾಣಲೆಯಲ್ಲೇ ಬಿಟ್ಟರೆ ಆ ಕಾವಿಗೇ ಸೀದು ಕಹಿಯಾಗುತ್ತದೆ. ಪೂರ್ತಿ ಆರಿದ ಮೇಲೆ ಮಿಕ್ಸಿಗೆ ಹಾಕಿ. ಬಿಸಿ ಇರುವಾಗ ಹಾಕಿದರೆ ಆವಿ ಕಟ್ಟಿ ಪುಡಿ ಉಂಡೆಯಾಗುತ್ತದೆ. ಸಣ್ಣ ಗಾಜಿನ ಬಾಟಲಿಗೆ ತುಂಬಿಡಿ. ಮುಂದೆ "ಹುರಿದ ಪುಡಿ" ಅಂದಲ್ಲೆಲ್ಲ ಇದೇ ಪುಡಿ.

ನಮ್ಮ ಮಳೆಗಾಲದಲ್ಲಿ ಜೀರಿಗೆಗೂ ತೇವ ಹಿಡಿಯುತ್ತದೆ. ಮೇ ತಿಂಗಳಲ್ಲೇ ಒಂದು ಬಿಸಿಲು ಕೊಟ್ಟು ಗಾಜಿನ ಭರಣಿಗೆ ಹಾಕಿ ಬಿಗಿಯಾಗಿ ಮುಚ್ಚಿಡಿ. ಕುದಿಯುವ ಪಾತ್ರೆಯ ಮೇಲೆ ಡಬ್ಬಿ ಹಿಡಿದು ಜೀರಿಗೆ ಉದುರಿಸುವ ಅಭ್ಯಾಸ ಇದ್ದರೆ ಬಿಡಿ. ಆವಿ ನೇರ ಡಬ್ಬಿಯೊಳಗೇ ಹೋಗುತ್ತದೆ.

ಸಾಣಿಕಟ್ಟಾ ಉಪ್ಪು, ಕ್ಯಾನರಿ ಬಟಾಟೆ

ಶುರು ಮಾಡಲಿಕ್ಕೆ ಇದಕ್ಕಿಂತ ಸುಲಭದ್ದು ಇಲ್ಲ. ಕ್ಯಾನರಿ ದ್ವೀಪಗಳು ಆಫ್ರಿಕಾದ ಪಶ್ಚಿಮ ತೀರದ ಹತ್ತಿರ ಇದ್ದರೂ ಸ್ಪೇನ್ ದೇಶಕ್ಕೆ ಸೇರಿದವು. ಅಲ್ಲಿ ಸಣ್ಣ ಬಟಾಟೆಗಳನ್ನು ಸಿಪ್ಪೆ ಸಮೇತ ವಿಪರೀತ ಉಪ್ಪಿನ ನೀರಿನಲ್ಲಿ ಬೇಯಿಸುತ್ತಾರೆ, ಹಿಂದೆ ಸಮುದ್ರದ ನೀರೇ ಬಳಸುತ್ತಿದ್ದರು. ಇದಕ್ಕೆ ಪಾಪಾಸ್ ಅರ್ರುಗಾದಾಸ್, ಅಂದರೆ ಸುಕ್ಕುಗಟ್ಟಿದ ಬಟಾಟೆ, ಎನ್ನುತ್ತಾರೆ. ಜೊತೆಗೆ ಮೋಹೊ ಎಂಬ ಕೆಂಪು ಚಟ್ನಿ. ಜೀರಿಗೆ ಇರುವುದು ಇದರಲ್ಲಿ.

ಗೋಕರ್ಣದ ಪಕ್ಕದ ಸಾಣಿಕಟ್ಟಾದ ದಪ್ಪ ಉಪ್ಪು ಇದಕ್ಕೆ ಹೇಳಿ ಮಾಡಿಸಿದ್ದು. ಪ್ಯಾಕೆಟ್ಟಿನ ಪುಡಿ ಉಪ್ಪು ಬೇಡ.

1. ಲಿಂಬೆ ಗಾತ್ರದ ಸಣ್ಣ ಬಟಾಟೆ ಒಂದು ಕಿಲೋ ತೆಗೆದುಕೊಳ್ಳಿ. ಮಣ್ಣು ಹೋಗುವಂತೆ ತಿಕ್ಕಿ ತೊಳೆಯಿರಿ, ಸಿಪ್ಪೆ ತೆಗೆಯಬೇಡಿ, ಕತ್ತರಿಸಲೂ ಬೇಡಿ.

2. ಅಗಲ ಪಾತ್ರೆಯಲ್ಲಿ ಒಂದೇ ಪದರಕ್ಕೆ ಹರಡಿ, ಮುಳುಗುವಷ್ಟೇ ನೀರು ಹಾಕಿ, 200 ಗ್ರಾಂ ಉಪ್ಪು ಸುರಿಯಿರಿ. ಹೌದು, 200. ಸಿಪ್ಪೆ ಇರುವುದರಿಂದ ಅಷ್ಟೂ ಒಳಗೆ ಹೋಗುವುದಿಲ್ಲ.

3. ಮುಚ್ಚಿ 20ರಿಂದ 25 ನಿಮಿಷ ಬೇಯಿಸಿ. ಚಾಕು ಸಲೀಸಾಗಿ ಇಳಿದರೆ ಸಾಕು. ಕುಕ್ಕರ್ ಬೇಡ, ಒಡೆದುಹೋಗುತ್ತವೆ.

4. ನೀರು ಪೂರ್ತಿ ಬಸಿದು ಅದೇ ಪಾತ್ರೆಯನ್ನು ಸಣ್ಣ ಉರಿಯಲ್ಲಿ ಇಟ್ಟು ಆಗಾಗ ಕುಲುಕಿ. ಐದು ನಿಮಿಷದಲ್ಲಿ ಸಿಪ್ಪೆ ಸುಕ್ಕುಗಟ್ಟಿ ಮೇಲೆ ತೆಳುವಾಗಿ ಬಿಳಿ ಉಪ್ಪು ಕೂರುತ್ತದೆ. ಸಿಪ್ಪೆ ಸಮೇತ ತಿನ್ನುವುದು. ಬಿ.ಪಿ. ಇರುವವರು ಸಿಪ್ಪೆ ತೆಗೆದು ತಿನ್ನಿ, ಮೊದಲೇ ಹೇಳಿದ್ದೇನೆ.

ಮೋಹೊಗೆ ಆರು ಬ್ಯಾಡಗಿ ಮೆಣಸು ಮತ್ತು ಖಾರಕ್ಕೆ ಒಂದು ಗುಂಟೂರು ಮೆಣಸನ್ನು ಬೀಜ ತೆಗೆದು ಬಿಸಿ ನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಐದು ಎಸಳು ಬೆಳ್ಳುಳ್ಳಿ, ಒಂದು ಟೀ ಚಮಚ ಜೀರಿಗೆ, ಅರ್ಧ ಟೀ ಚಮಚ ಉಪ್ಪು ಮೂರನ್ನೂ ಕುಟ್ಟಾಣಿಯಲ್ಲಿ ಮೊದಲು ಜಜ್ಜಿಕೊಳ್ಳಿ. ಜೀರಿಗೆ ಹುರಿಯಬೇಡಿ. ಇಲ್ಲಿ ಹಸಿ ಜೀರಿಗೆಯ ಚುರುಕೇ ಬೇಕು, ಹುರಿದರೆ ನಮ್ಮ ಚಟ್ನಿಯ ರುಚಿಗೆ ಹತ್ತಿರ ಬಂದುಬಿಡುತ್ತದೆ. ಆಮೇಲೆ ನೆನೆದ ಮೆಣಸು ಹಾಕಿ ಅರೆದು, ಒಂದೂವರೆ ದೊಡ್ಡ ಚಮಚ ವಿನೆಗರ್ ಸೇರಿಸಿ, ಅರ್ಧ ಕಪ್ ಎಣ್ಣೆಯನ್ನು ಸ್ವಲ್ಪ ಸ್ವಲ್ಪವಾಗಿ ಹಾಕುತ್ತಾ ಕದಡಿ. ಮಿಕ್ಸಿಯಲ್ಲಿ ಮಾಡಿದರೂ ಆಗುತ್ತದೆ, ಆದರೆ ತೀರಾ ನುಣ್ಣಗೆ ಆಗುವ ಮೊದಲೇ ನಿಲ್ಲಿಸಿ.

ಎಣ್ಣೆ ಅಂದರೆ ಅಲ್ಲಿ ಆಲಿವ್ ಎಣ್ಣೆ. ಇಲ್ಲದಿದ್ದರೆ ಸೂರ್ಯಕಾಂತಿ ಹಾಕಿ, ತೆಂಗಿನೆಣ್ಣೆ ಮಾತ್ರ ಬೇಡ, ಅದರ ಪರಿಮಳ ಜೀರಿಗೆಯನ್ನು ಮುಚ್ಚಿಹಾಕುತ್ತದೆ. ವಿನೆಗರ್ ಬದಲು ಮುರುಗಲು, ವಾಟೆಹುಳಿ ಹಾಕಬಹುದಾ ಅಂತ ಕೇಳುವವರು ಇದ್ದೇ ಇರುತ್ತಾರೆ. ಹಾಕಬಹುದು, ಆದರೆ ಆಗ ಅದು ಮೋಹೊ ಅಲ್ಲ. ಗೋವಾ ಕಡೆಯ ತೆಂಗಿನ ಕಳ್ಳಿನ ವಿನೆಗರ್ ಕಾರವಾರದಲ್ಲಿ ಸಿಕ್ಕರೆ ಅದು ಬಹಳ ಚೆನ್ನಾಗಿ ಹೊಂದುತ್ತದೆ.

ಮೋಹೊ ಫ್ರಿಜ್ಜಿನಲ್ಲಿ ಒಂದು ವಾರ ಇರುತ್ತದೆ. ಬಟಾಟೆ ಖಾಲಿಯಾದ ಮೇಲೆ ಹುರಿದ ಬಂಗಡೆಗೆ, ನೊಗಲಿಗೆ ಹಚ್ಚಿಕೊಂಡು ತಿನ್ನಿ. ಅಲ್ಲಿಯವರೂ ಮೀನಿನ ಜೊತೆ ತಿನ್ನುತ್ತಾರೆ. ಇದೇ ಕ್ಯಾನರಿ ದ್ವೀಪಗಳಿಂದ ಕೆಲವು ಕುಟುಂಬಗಳು 1731ರಲ್ಲಿ ಈಗಿನ ಟೆಕ್ಸಸ್‌ನ ಸ್ಯಾನ್ ಆಂಟೋನಿಯೊಗೆ ಹೋಗಿ ನೆಲೆಸಿದವು, ಟೆಕ್ಸಸ್‌ನ ಚಿಲ್ಲಿ ಕಾನ್ ಕಾರ್ನೆಗೆ (ಒಣಮೆಣಸು ಹಾಕಿ ಬೇಯಿಸಿದ ಮಾಂಸದ ಗಟ್ಟಿ ಸಾರು) ಜೀರಿಗೆಯ ಘಾಟು ಬಂದದ್ದು ಅವರಿಂದಲೇ ಎಂದು ಹೇಳುವವರಿದ್ದಾರೆ. 1977ರಲ್ಲಿ ಟೆಕ್ಸಸ್ ಆ ಚಿಲ್ಲಿಯನ್ನೇ ರಾಜ್ಯದ ಅಧಿಕೃತ ಖಾದ್ಯ ಎಂದು ಘೋಷಿಸಿತು.

ಸಯಾದಿಯಾ: ಮೀನುಗಾರರ ಅನ್ನ

ಈ ಪಟ್ಟಿಯಲ್ಲಿ ಒಂದನ್ನೇ ಮಾಡುವುದಾದರೆ ಇದನ್ನು ಮಾಡಿ. ಲೆಬನಾನ್, ಸಿರಿಯಾ, ಪ್ಯಾಲೆಸ್ಟೈನ್ ಕರಾವಳಿಯ ಅಡುಗೆ, ಹೆಸರೇ ಮೀನುಗಾರರಿಂದ ಬಂದದ್ದು. ಬಿರಿಯಾನಿ ಅಂದುಕೊಳ್ಳಬೇಡಿ. ಮಸಾಲೆ ಕಡಿಮೆ. ಇರುವ ಬಣ್ಣವೆಲ್ಲ ಈರುಳ್ಳಿಯದ್ದು, ರುಚಿಯೆಲ್ಲ ಮೀನಿನ ತಲೆಯದ್ದು ಮತ್ತು ಜೀರಿಗೆಯದ್ದು.

ಬೇಸಿಗೆಯಲ್ಲಿ ಕುಮಟಾ ಹತ್ತಿರ ಹೆದ್ದಾರಿ ಬದಿಗೆ ಜಡೆ ಹೆಣೆದು ನೇತುಹಾಕಿರುತ್ತಾರಲ್ಲ, ಆ ಸಿಹಿ ಈರುಳ್ಳಿ ಸಿಕ್ಕರೆ ಬಿಡಬೇಡಿ. ಸಿಹಿ ಇರುವುದರಿಂದ ಚೆನ್ನಾಗಿ ಕೆಂಪಾಗುತ್ತದೆ. ಮೀನಿಗೆ ಇಸ್ವಾಣ ಒಳ್ಳೆಯದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ, ಆಗ ಮಾರುಕಟ್ಟೆಯಲ್ಲಿ ಐಸಿನಲ್ಲಿಟ್ಟ ಮೀನಿಗೆ ದುಪ್ಪಟ್ಟು ಕೊಟ್ಟು ಇದನ್ನು ಮಾಡುವುದಕ್ಕಿಂತ ಮುಂದೆ ಬರುವ ಕೊಶರಿಗೆ ಹೋಗಿ.

ನಾಲ್ಕು ಜನಕ್ಕೆ ಬೇಕಾಗಿದ್ದು: ಇಸ್ವಾಣದ ಹೋಳು ಅರ್ಧ ಕಿಲೋ, ಜೊತೆಗೆ ಅದರ ತಲೆ ಮತ್ತು ಬಾಲದ ತುಂಡು, ದೊಡ್ಡ ಈರುಳ್ಳಿ ನಾಲ್ಕು, ಬಾಸುಮತಿ ಅಕ್ಕಿ ಒಂದೂವರೆ ಕಪ್, ಹುರಿದ ಪುಡಿ ಎರಡು ಟೀ ಚಮಚ, ದಾಲ್ಚಿನ್ನಿ ಒಂದು ತುಂಡು, ಕಾಳುಮೆಣಸಿನ ಪುಡಿ ಅರ್ಧ ಟೀ ಚಮಚ, ಗೋಡಂಬಿ ಒಂದು ಹಿಡಿ, ಲಿಂಬೆಹಣ್ಣು ಎರಡು, ಎಣ್ಣೆ, ಉಪ್ಪು. ಅಲ್ಲಿ ಗೋಡಂಬಿ ಬದಲು ಬಾದಾಮಿ ಅಥವಾ ಪೈನ್ ಬೀಜ ಹಾಕುತ್ತಾರೆ. ನಮ್ಮಲ್ಲಿ ಹಿತ್ತಲಲ್ಲೇ ಗೇರುಮರ ಇರುವಾಗ ಅದನ್ನೆಲ್ಲ ಹುಡುಕುವುದು ಯಾಕೆ.

ಮೀನಿನ ಹೋಳಿಗೆ ಉಪ್ಪು, ಅರ್ಧ ಲಿಂಬೆಹಣ್ಣಿನ ರಸ, ಅರ್ಧ ಟೀ ಚಮಚ ಹುರಿದ ಪುಡಿ ಹಚ್ಚಿ ಬದಿಗಿಡಿ. ಅಕ್ಕಿ ತೊಳೆದು 20 ನಿಮಿಷ ನೆನೆಸಿ.

ಈಗ ಈರುಳ್ಳಿ. ಉದ್ದಕ್ಕೆ ತೆಳ್ಳಗೆ ಹೆಚ್ಚಿ, ಐದು ದೊಡ್ಡ ಚಮಚ ಎಣ್ಣೆಯಲ್ಲಿ ಮಧ್ಯಮ ಉರಿಗೆ ಹಾಕಿ. ಮೊದಲ ಹತ್ತು ನಿಮಿಷ ಏನೂ ಆಗದ ಹಾಗೆ ಕಾಣುತ್ತದೆ, ನೀರು ಬಿಟ್ಟು ಮೆತ್ತಗಾಗುತ್ತದೆ ಅಷ್ಟೇ, ಆಮೇಲೆ ಹೊಂಬಣ್ಣ, ಆಮೇಲೆ ಕಂದು, ಇಲ್ಲಿಂದ ಮುಂದೆ ಒಲೆ ಬಿಟ್ಟು ಹೋಗಬೇಡಿ, ಫೋನ್ ಬಂದರೂ ಎತ್ತಬೇಡಿ, ಯಾಕೆಂದರೆ ಗಾಢ ಕಂದು ಮತ್ತು ಕಪ್ಪಿನ ನಡುವೆ ಇರುವುದು ಒಂದೇ ನಿಮಿಷ. ನಮಗೆ ಬೇಕಾಗಿದ್ದು ಗಾಢ ಕಂದು. ಬಿರಿಯಾನಿಗೆ ಹುರಿಯುವುದಕ್ಕಿಂತ ಒಂದು ಹಂತ ಮುಂದೆ ಹೋಗಬೇಕು, ಇಲ್ಲಿ ಹೆದರಿ ಬೇಗ ಇಳಿಸಿದರೆ ಅನ್ನ ಮಂಕಾಗಿ ಬಿಳಿಚಿಕೊಳ್ಳುತ್ತದೆ. ಘಟ್ಟದ ಮೇಲಿನ ಖಾರ ಈರುಳ್ಳಿಯಾದರೆ ಐದು ನಿಮಿಷ ಜಾಸ್ತಿ ಹಿಡಿಯುತ್ತದೆ. ಒಂದು ಹಿಡಿ ತೆಗೆದು ಅಲಂಕಾರಕ್ಕೆ ಇಟ್ಟುಕೊಳ್ಳಿ.

ಉಳಿದ ಈರುಳ್ಳಿಗೆ ಮೀನಿನ ತಲೆ, ಬಾಲ, ದಾಲ್ಚಿನ್ನಿ, ಐದು ಕಪ್ ನೀರು, ಉಪ್ಪು ಹಾಕಿ 20 ನಿಮಿಷ ಕುದಿಸಿ. ಸೋಸಿ, ಈರುಳ್ಳಿಯನ್ನು ಸೌಟಿನಿಂದ ಒತ್ತಿ ರಸ ಇಳಿಸಿ. ಸೋಸದೆ ಬಿಟ್ಟರೆ ಅನ್ನದಲ್ಲಿ ಮುಳ್ಳು ಸಿಗುತ್ತದೆ. ತಲೆಯ ಮಾಂಸ ಬಿಡಿಸಿ ಇಟ್ಟುಕೊಳ್ಳಿ, ತಲೆ ಚೆಲ್ಲುವವರು ನಾವಲ್ಲ. ಈ ರಸ ಈಗ ಕಡು ಕಂದು ಬಣ್ಣಕ್ಕೆ ಬಂದಿರಬೇಕು.

ಎರಡೂಮುಕ್ಕಾಲು ಕಪ್ ರಸ ಅಳೆದು ದಪ್ಪ ತಳದ ಪಾತ್ರೆಗೆ ಹಾಕಿ, ಉಳಿದ ಒಂದೂವರೆ ಟೀ ಚಮಚ ಹುರಿದ ಪುಡಿ, ಕಾಳುಮೆಣಸಿನ ಪುಡಿ ಸೇರಿಸಿ ಕುದಿ ಬರಿಸಿ. ಉಪ್ಪು ನೋಡಿ, ನಾಲಿಗೆಗೆ ಸ್ವಲ್ಪ ಮುಂದಾಗಿಯೇ ಇರಲಿ. ನೆನೆದ ಅಕ್ಕಿ ಬಸಿದು ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ 12 ನಿಮಿಷ. ಒಲೆ ಆರಿಸಿ ಹತ್ತು ನಿಮಿಷ ಮುಚ್ಚಳ ತೆಗೆಯಬೇಡಿ. ಅಷ್ಟರಲ್ಲಿ ಮೀನಿನ ಹೋಳುಗಳನ್ನು ತವಾದಲ್ಲಿ ಹುರಿಯಿರಿ. ರವೆ ಹಚ್ಚಬೇಡಿ, ಬೇಕಿದ್ದರೆ ಒಂದು ಚೂರು ಮೈದಾ. ಗೋಡಂಬಿಯನ್ನೂ ಕೆಂಪಗೆ ಹುರಿದುಕೊಳ್ಳಿ.

ದೊಡ್ಡ ತಟ್ಟೆಗೆ ಅನ್ನ, ಮೇಲೆ ತಲೆಯ ಮಾಂಸ, ಹೋಳು, ತೆಗೆದಿಟ್ಟ ಈರುಳ್ಳಿ, ಗೋಡಂಬಿ. ಲಿಂಬೆಹಣ್ಣು ಹಿಂಡಿಯೇ ತಿನ್ನಬೇಕು. ಜೊತೆಗೆ ಬಿಳಿ ಎಳ್ಳನ್ನು ಸ್ವಲ್ಪವೇ ಹುರಿದು, ಬೆಳ್ಳುಳ್ಳಿ, ಲಿಂಬೆರಸ, ನೀರು ಹಾಕಿ ರುಬ್ಬಿದ ತೆಳು ಚಟ್ನಿ ಮಾಡಿದರೆ ಪೂರ್ತಿ ಆಯಿತು. ಸಾರು ಕೇಳುವವರಿಗೆ ಉಳಿದ ಮೀನಿನ ರಸವನ್ನೇ ಬಿಸಿ ಮಾಡಿ ಕೊಡಿ.

ಶಿನ್‌ಜಿಯಾಂಗ್ ಜೀರಿಗೆ ಮಟನ್, ಜುಮ್ಮನಕಾಯಿ ಹಾಕಿ

ಚೀನಾದ ಅಡುಗೆ ಅಂದರೆ ಗೋಬಿ ಮಂಚೂರಿ ಅಂದುಕೊಂಡವರಿಗೆ ಇದು ಬೇರೆಯೇ ಲೋಕ. ಚೀನಾದ ವಾಯುವ್ಯ ಮೂಲೆಯ ಶಿನ್‌ಜಿಯಾಂಗ್‌ನಲ್ಲಿ ಉಯಿಘರ್ ಜನರು ಕುರಿಮಾಂಸವನ್ನು ಕಂಬಿಗೆ ಚುಚ್ಚಿ, ಕೆಂಡದ ಮೇಲೆ ಸುಟ್ಟು, ಜೀರಿಗೆ, ಒಣಮೆಣಸು, ಉಪ್ಪು ಉದುರಿಸಿ ತಿನ್ನುತ್ತಾರೆ. ಅದನ್ನೇ ಬಾಣಲೆಯಲ್ಲಿ ಹುರಿಯುವ ರೀತಿಯೂ ಇದೆ. ಕೆಲವರು ಅದಕ್ಕೆ ಸಿಚುವಾನ್ ಮೆಣಸು ಹಾಕುತ್ತಾರೆ, ನಾಲಿಗೆಗೆ ಜುಮ್ ಅನ್ನಿಸುವಂಥದ್ದು. ಅದು ಕಾರವಾರದಲ್ಲಿ ಎಲ್ಲಿ ಹುಡುಕಲಿ ಅನ್ನಬೇಡಿ. ನಮ್ಮ ಜುಮ್ಮನಕಾಯಿ ಅದೇ ಜಾತಿಯ ಗಿಡ, ಹತ್ತಿರದ ಸಂಬಂಧಿ. ಬಂಗಡೆ ಸಾರಿಗೆ ಹಾಕುವ ಅದೇ ಕಾಯಿಯನ್ನು ಒಳಗಿನ ಕಪ್ಪು ಬೀಜ ತೆಗೆದು ಬರೀ ಸಿಪ್ಪೆ ಬಳಸಿ. ಬೀಜ ಕಹಿ.

ಮೂಳೆ ಇಲ್ಲದ ಮಟನ್ 400 ಗ್ರಾಂ ಬೇಕು. ನಮ್ಮಲ್ಲಿ ಮಟನ್ ಅಂದರೆ ಆಡು, ಸ್ವಲ್ಪ ನಾರು ಜಾಸ್ತಿ, ಅದಕ್ಕೆ ಒಂದು ಗಂಟೆ ಫ್ರೀಜರ್‌ನಲ್ಲಿ ಇಟ್ಟು ಗಟ್ಟಿ ಮಾಡಿ ನಾರಿಗೆ ಅಡ್ಡವಾಗಿ ತೀರಾ ತೆಳ್ಳಗೆ ಹೆಚ್ಚಿ. ಒಂದು ದೊಡ್ಡ ಚಮಚ ಸೋಯಾ ಸಾಸ್, ಒಂದು ಟೀ ಚಮಚ ಕಾರ್ನ್‌ಫ್ಲೋರ್, ಒಂದು ಟೀ ಚಮಚ ವಿನೆಗರ್ ಹಚ್ಚಿ ಅರ್ಧ ಗಂಟೆ ಬಿಡಿ.

ಒಂದು ದೊಡ್ಡ ಚಮಚ ಜೀರಿಗೆ ಮತ್ತು ಮೂರು ಜುಮ್ಮನಕಾಯಿ ಸಿಪ್ಪೆಯನ್ನು ಅರೆಬರೆ ಹುರಿದು ಕುಟ್ಟಾಣಿಯಲ್ಲಿ ತರಿತರಿಯಾಗಿ ಕುಟ್ಟಿ. ಪುಡಿ ಮಾಡಬೇಡಿ, ಒಂದು ಕಾಳು ಎರಡಾದರೆ ಸಾಕು. ಪುಡಿ ಆದರೆ ಈ ಬೆಂಕಿಗೆ ತಕ್ಷಣ ಸೀಯುತ್ತದೆ.

ಬಾಣಲೆ ಹೊಗೆಯಾಡುವಷ್ಟು ಕಾಯಿಸಿ, ಎರಡು ದೊಡ್ಡ ಚಮಚ ಎಣ್ಣೆ ಹಾಕಿ, ಮಟನ್ ಅರ್ಧ ಮಾತ್ರ ಹಾಕಿ. ಪೂರ್ತಿ ಒಟ್ಟಿಗೆ ಸುರಿದರೆ ನೀರು ಬಿಟ್ಟು ಬೇಯಲು ಶುರುವಾಗುತ್ತದೆ, ಹುರಿಯುವುದಿಲ್ಲ. ಎರಡು ನಿಮಿಷ ಜೋರು ಉರಿಯಲ್ಲಿ ಆಡಿಸಿ ತೆಗೆದಿಡಿ, ಉಳಿದರ್ಧವನ್ನೂ ಹಾಗೇ ಮಾಡಿ. ಅದೇ ಬಾಣಲೆಗೆ ಇನ್ನೊಂದು ಚಮಚ ಎಣ್ಣೆ, ಮುರಿದ ಒಣಮೆಣಸು ಆರು, ಜಜ್ಜಿದ ಬೆಳ್ಳುಳ್ಳಿ ನಾಲ್ಕೆಸಳು, ಶುಂಠಿ ಚೂರು ಹಾಕಿ ಅರ್ಧ ನಿಮಿಷ. ಮಟನ್ ವಾಪಸ್ ಹಾಕಿ, ಜೀರಿಗೆ ತರಿ ಉದುರಿಸಿ, ಒಂದು ನಿಮಿಷ ಬಿರುಸಾಗಿ ಆಡಿಸಿ, ಹೆಚ್ಚಿದ ಈರುಳ್ಳಿ, ಕೊತ್ತಂಬರಿ ದಂಟು ಸಮೇತ ಹಾಕಿ ಇಳಿಸಿ. ಉಪ್ಪು ಕೊನೆಯಲ್ಲಿ ನೋಡಿ ಹಾಕಿ, ಸೋಯಾದಲ್ಲಿ ಈಗಾಗಲೇ ಇದೆ.

ಮಟನ್ ತಿನ್ನದವರಿಗೆ ಅಣಬೆ ಆಗುತ್ತದೆ, ಪನೀರ್ ಅಷ್ಟು ಚೆನ್ನಾಗಿ ಆಗುವುದಿಲ್ಲ. ನನ್ನನ್ನು ಕೇಳಿದರೆ ಇವೆರಡಕ್ಕಿಂತ ಮೇಲೆ ನೀರಹಲಸು, ದೀವಿಹಲಸು ಅನ್ನುತ್ತಾರಲ್ಲ, ಅದು. ಬೆರಳುದ್ದ ಹೆಚ್ಚಿ ಉಪ್ಪು ಹಚ್ಚಿ, ಎಣ್ಣೆಯಲ್ಲಿ ಅಂಚು ಗರಿಗರಿಯಾಗುವವರೆಗೆ ಹುರಿದು, ಆಮೇಲೆ ಮಟನ್ ಬದಲು ಅದನ್ನೇ ಹಾಕಿ. ಸೋಯಾ ಸಾಸ್ ಕೊನೆಯಲ್ಲಿ ಅರ್ಧ ಚಮಚ ಸಾಕು. ನೀರಹಲಸನ್ನು ಪೋಡಿ ಮಾಡಿಯೇ ಮುಗಿಸುವವರು ಒಂದು ಕಾಯನ್ನಾದರೂ ಇದಕ್ಕೆ ಬಿಡಿ.

ಕೊಶರಿ, ಮಸೂರ ಇದ್ದರೆ ಸಾಕು

ಕೈರೋದ ಬೀದಿಬದಿಯ ಊಟ. ಅನ್ನ, ಮಸೂರ, ಮ್ಯಾಕರೋನಿ, ಕಡಲೆ, ಟೊಮೆಟೊ ಸಾರು, ಹುರಿದ ಈರುಳ್ಳಿ ಎಲ್ಲ ಒಂದೇ ತಟ್ಟೆಗೆ. ಮೊದಲ ಸಲ ಕೇಳಿದರೆ ಉಳಿದದ್ದನ್ನೆಲ್ಲ ಸೇರಿಸಿದ್ದಾರೆ ಅನಿಸುತ್ತದೆ. ನಮ್ಮ ಖಿಚಡಿಗೂ ಇದಕ್ಕೂ ನಂಟಿದೆ ಎನ್ನುವವರಿದ್ದಾರೆ. ಮಾಂಸ, ಹಾಲು, ತುಪ್ಪ ಏನೂ ಇಲ್ಲದ್ದು, ಹೊಟ್ಟೆ ಗಟ್ಟಿಯಾಗಿ ತುಂಬುವಂಥದ್ದು. ಚಾತುರ್ಮಾಸದಲ್ಲಿ ಈರುಳ್ಳಿ, ಬೆಳ್ಳುಳ್ಳಿ ಬಿಡುವ ಮನೆಯವರು ಮಾತ್ರ ಇದನ್ನು ಮುಂದಕ್ಕೆ ಹಾಕಿ, ಅವೆರಡೂ ಇಲ್ಲದೆ ಕೊಶರಿ ಇಲ್ಲ.

ಇದರ ಜೀವ ಇರುವುದು ದಆ ಎಂಬ ಹುಳಿನೀರಿನಲ್ಲಿ. ಆರು ಎಸಳು ಬೆಳ್ಳುಳ್ಳಿಯನ್ನು ಅರ್ಧ ಟೀ ಚಮಚ ಉಪ್ಪಿನ ಜೊತೆ ಜಜ್ಜಿ, ಒಂದು ಟೀ ಚಮಚ ಹುರಿದ ಪುಡಿ, ಅರ್ಧ ಟೀ ಚಮಚ ಕೊತ್ತಂಬರಿ ಪುಡಿ, ಮೂರು ದೊಡ್ಡ ಚಮಚ ವಿನೆಗರ್, ಅರ್ಧ ಕಪ್ ಬಿಸಿ ನೀರು, ಒಂದು ಲಿಂಬೆಹಣ್ಣಿನ ರಸ ಸೇರಿಸಿ ಮುಚ್ಚಿಡಿ. ಇದನ್ನು ಎಲ್ಲಕ್ಕಿಂತ ಮೊದಲು ಮಾಡಿ, ಕೂತಷ್ಟೂ ಚೆನ್ನ.

ಆಮೇಲೆ ಮೂರು ಈರುಳ್ಳಿಯನ್ನು ಗರಿಗರಿಯಾಗಿ ಹುರಿದು ತೆಗೆಯಿರಿ. ಆ ಎಣ್ಣೆ ಚೆಲ್ಲಬೇಡಿ, ಇಡೀ ಅಡುಗೆ ಅದರಲ್ಲೇ ಆಗಬೇಕು. ಸಿಪ್ಪೆ ಇರುವ ಇಡೀ ಮಸೂರ ಒಂದು ಕಪ್ 15 ನಿಮಿಷ ಬೇಯಿಸಿ, ಮುಕ್ಕಾಲು ಬೆಂದಾಗ ಬಸಿಯಿರಿ. ಕೆಂಪು ಮಸೂರ ಬೇಳೆ ಬೇಡ, ಕರಗಿ ತೊವ್ವೆಯಾಗುತ್ತದೆ. ಈರುಳ್ಳಿ ಎಣ್ಣೆ ಎರಡು ಚಮಚ ಕಾಯಿಸಿ, ಅರ್ಧ ಟೀ ಚಮಚ ಇಡೀ ಜೀರಿಗೆ ಸಿಡಿಸಿ, ಒಂದು ಕಪ್ ಅಕ್ಕಿ ಹುರಿದು, ಬೆಂದ ಮಸೂರ, ಎರಡು ಕಪ್ ನೀರು, ಉಪ್ಪು ಹಾಕಿ ಮುಚ್ಚಿ ಬೇಯಿಸಿ. ಮ್ಯಾಕರೋನಿ ಒಂದು ಕಪ್ ಬೇರೆಯೇ ಬೇಯಲಿ. ನೆನೆಸಿ ಬೇಯಿಸಿದ ಕಾಬೂಲಿ ಕಡಲೆ ಒಂದು ಕಪ್.

ಟೊಮೆಟೊ ಸಾರಿಗೆ ಅದೇ ಎಣ್ಣೆಯಲ್ಲಿ ಬೆಳ್ಳುಳ್ಳಿ, ಮೆಣಸಿನ ಪುಡಿ, ಒಂದು ಟೀ ಚಮಚ ಹುರಿದ ಪುಡಿ ಹಾಕಿ, ಆರು ಟೊಮೆಟೊ ರುಬ್ಬಿ ಸುರಿದು, 20 ನಿಮಿಷ ಕುದಿಸಿ ಗಟ್ಟಿ ಮಾಡಿ, ಒಂದು ಚಮಚ ವಿನೆಗರ್ ಸೇರಿಸಿ. ನೋಡಿ, ಈ ಒಂದು ತಟ್ಟೆಯಲ್ಲಿ ಜೀರಿಗೆ ಮೂರು ಕಡೆ ಬಂತು: ಅನ್ನದಲ್ಲಿ ಇಡಿಯಾಗಿ ಎಣ್ಣೆಯ ಜೊತೆ, ಸಾರಿನಲ್ಲಿ ಕುದ್ದು, ದಆದಲ್ಲಿ ಹುಳಿಯ ಜೊತೆ. ಮೂರರ ರುಚಿಯೂ ಬೇರೆ ಬೇರೆಯಾಗಿ ಸಿಗುತ್ತದೆ. ಬಡಿಸುವಾಗ ಕೆಳಗೆ ಅನ್ನ, ಮೇಲೆ ಮ್ಯಾಕರೋನಿ, ಸಾರು, ಕಡಲೆ, ಈರುಳ್ಳಿ. ದಆ ಅವರವರ ತಟ್ಟೆಗೆ ಅವರವರೇ ಹಾಕಿಕೊಳ್ಳಲಿ. ಮೊದಲೇ ಕಲಸಿಟ್ಟರೆ ಈರುಳ್ಳಿ ಮೆತ್ತಗಾಗುತ್ತದೆ.

ಐದು ನಿಮಿಷದ್ದು

ಮೊರಾಕ್ಕೊದಲ್ಲಿ ಊಟದ ಮೇಜಿನ ಮೇಲೆ ಉಪ್ಪಿನ ಪಕ್ಕದಲ್ಲೇ ಜೀರಿಗೆ ಪುಡಿ ಇರುತ್ತದೆ. ಬೀದಿಯಲ್ಲಿ ಬೇಯಿಸಿದ ಮೊಟ್ಟೆಗೂ ಅದನ್ನೇ ಉದುರಿಸಿ ಕೊಡುತ್ತಾರೆ. ಎರಡು ಪಾಲು ಹುರಿದ ಪುಡಿಗೆ ಒಂದು ಪಾಲು ಉಪ್ಪು ಬೆರೆಸಿ ಸಣ್ಣ ಬಟ್ಟಲಲ್ಲಿ ಇಡಿ. ಮೊಟ್ಟೆಗೆ, ಸುಟ್ಟ ಗೆಣಸಿಗೆ, ಸೌತೆಕಾಯಿಗೆ, ಮಜ್ಜಿಗೆಗೆ, ಎಲ್ಲಕ್ಕೂ ಆಗುತ್ತದೆ.

ಅಲ್ಲಿಯದ್ದೇ ಕ್ಯಾರೆಟ್ ಕೋಸಂಬರಿ ಅನ್ನಬಹುದಾದ ಒಂದು ಪದಾರ್ಥವಿದೆ. ಕ್ಯಾರೆಟ್ ಬಿಲ್ಲೆಗಳನ್ನು ಬೇಯಿಸಿ ಬಸಿದು, ಬಿಸಿ ಇರುವಾಗಲೇ ಜಜ್ಜಿದ ಬೆಳ್ಳುಳ್ಳಿ, ಹುರಿದ ಪುಡಿ, ಲಿಂಬೆರಸ, ಎಣ್ಣೆ, ಕೊತ್ತಂಬರಿ ಸೊಪ್ಪು ಕಲಸಿ. ಆರಿದ ಮೇಲೆ ಹಾಕಿದರೆ ಹೀರಿಕೊಳ್ಳುವುದಿಲ್ಲ.

ಇರಾನಿನ ಜೀರಿಗೆ ಅನ್ನ ನಮ್ಮ ಜೀರಾ ರೈಸ್‌ಗೆ ತೀರಾ ಹತ್ತಿರ, ಅದಕ್ಕೆ ಇಲ್ಲಿ ಬರೆಯುವುದಿಲ್ಲ. ಅಲ್ಲಿನ ಕೆರ್ಮಾನ್ ಜೀರಿಗೆಗೆ ಎಷ್ಟು ಹೆಸರುವಾಸಿ ಅಂದರೆ, ಬೇಡದ ಕೆಲಸ ಮಾಡುವವರಿಗೆ "ಕೆರ್ಮಾನಿಗೆ ಜೀರಿಗೆ ಹೊತ್ತ ಹಾಗೆ" ಎಂಬ ಗಾದೆಯೇ ಇದೆ. ನೆದರ್ಲೆಂಡ್ಸ್‌ನ ಲೈಡನ್ ಊರಿನವರು ಚೀಸ್ ಒಳಗೂ ಜೀರಿಗೆ ಹಾಕುತ್ತಾರೆ, ಅದು ಮನೆಯಲ್ಲಿ ಮಾಡುವ ಕೆಲಸ ಅಲ್ಲ.

ಕ್ಯೂಬಾದ ಕಪ್ಪು ಕಾಳು, ದೊಡ್ಡಪತ್ರೆ ಹಾಕಿ

ಕ್ಯೂಬಾದಲ್ಲಿ ಕಪ್ಪು ಬೀನ್ಸ್ ಮತ್ತು ಅನ್ನ ದಿನದ ಊಟ. ಆ ಕಪ್ಪು ಬೀನ್ಸ್ ಇಲ್ಲಿ ಎಲ್ಲ ಕಡೆ ಸಿಗುವುದಿಲ್ಲ, ಸಣ್ಣ ರಾಜ್ಮಾದಲ್ಲಿ ಮಾಡಿ, ಅಲಸಂದೆಯೂ ಪರವಾಗಿಲ್ಲ. ಒರೆಗಾನೊ ಬೇಕು ಅಂತ ಬರೆದಿದ್ದರೆ ಪಿಜ್ಜಾದ ಜೊತೆ ಬರುವ ಚೀಟಿ ಹರಿಯುವ ಮೊದಲು ಹಿತ್ತಲಿಗೆ ಹೋಗಿ. ತಂಬುಳಿಗೆ ಕೊಯ್ಯುವ ದೊಡ್ಡಪತ್ರೆಗೆ ಹೊರಗಡೆ ಕ್ಯೂಬನ್ ಒರೆಗಾನೊ ಎಂಬ ಹೆಸರೇ ಇದೆ.

ರಾತ್ರಿ ನೆನೆಸಿದ ಒಂದು ಕಪ್ ಕಾಳನ್ನು ಹೊಸ ನೀರು ಹಾಕಿ, ಅರ್ಧ ದೊಣಮೆಣಸು, ಒಂದು ಪಲಾವ್ ಎಲೆ ಜೊತೆ ಕುಕ್ಕರ್‌ನಲ್ಲಿ ಮೆತ್ತಗೆ ಬೇಯಿಸಿ. ರಾಜ್ಮಾ ಅರ್ಧಂಬರ್ಧ ಬೆಂದರೆ ಹೊಟ್ಟೆ ಕೆಡುತ್ತದೆ, ಬೆರಳಲ್ಲಿ ಒತ್ತಿದರೆ ಪೂರ್ತಿ ಮುದ್ದೆಯಾಗಬೇಕು. ಬೇರೆ ಬಾಣಲೆಯಲ್ಲಿ ಮೂರು ಚಮಚ ಎಣ್ಣೆ, ಸಣ್ಣಗೆ ಹೆಚ್ಚಿದ ಈರುಳ್ಳಿ ಒಂದು, ಉಳಿದರ್ಧ ದೊಣಮೆಣಸು, ಬೆಳ್ಳುಳ್ಳಿ ಐದೆಸಳು. ಮೆತ್ತಗಾದ ಮೇಲೆ ಹಸಿ ಜೀರಿಗೆ ಪುಡಿ ಒಂದು ಟೀ ಚಮಚ ಹಾಕಿ ಎಣ್ಣೆಯಲ್ಲೇ ಅರ್ಧ ನಿಮಿಷ ಬಾಡಿಸಿ. ಹುರಿದ ಪುಡಿ ಹಾಕಿದರೆ ಎರಡು ಸಲ ಹುರಿದ ಹಾಗಾಗಿ ಕಹಿ ಬರುತ್ತದೆ. ಇದನ್ನು ಕಾಳಿಗೆ ಸೇರಿಸಿ, ಒಂದು ಸೌಟು ಕಾಳನ್ನು ಪಾತ್ರೆಯ ಬದಿಗೆ ಒತ್ತಿ ಮಸೆದು, 15 ನಿಮಿಷ ಕುದಿಸಿ. ಕೊನೆಗೆ ಮೂರು ದೊಡ್ಡಪತ್ರೆ ಎಲೆ ಸಣ್ಣಗೆ ಹೆಚ್ಚಿ, ಒಂದು ಚಿಟಿಕೆ ಸಕ್ಕರೆ, ಒಂದು ಚಮಚ ವಿನೆಗರ್ ಹಾಕಿ. ಎಲೆ ಮೂರಕ್ಕಿಂತ ಜಾಸ್ತಿ ಬೇಡ, ಘಾಟು ಏರುತ್ತದೆ.

ಕುಚಲಕ್ಕಿ ಅನ್ನಕ್ಕೆ ಇದು ಬೆಳ್ತಿಗೆಗಿಂತ ಚೆನ್ನಾಗಿ ಹೊಂದುತ್ತದೆ. ಮಾಡಿದ ದಿನಕ್ಕಿಂತ ಮರುದಿನ ರುಚಿ ಜಾಸ್ತಿ, ರಾತ್ರಿ ಗಟ್ಟಿಯಾಗಿರುತ್ತದೆ, ಬೆಳಿಗ್ಗೆ ಅರ್ಧ ಕಪ್ ಬಿಸಿ ನೀರು ಹಾಕಿ ಸಣ್ಣ ಉರಿಯಲ್ಲಿ ಸಡಿಲ ಮಾಡಿ. ಬೇಕಿದ್ದರೆ ಮೇಲೆ ಒಂದು ಚಮಚ ಮೋಹೊ ಹಾಕಿಕೊಳ್ಳಿ.